ಶೇ. 10 ಮತ್ತು 11ರ ನಡುವೆ ಸಿಕ್ಕಿಕೊಂಡವನ ಲಾಯರ್ ಆಫೀಸ್ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಆಫೀಸಿನ ಹೆಸರು ಹಾಕುತ್ತಿಲ್ಲ, ಯಾಕಂದರೆ ಕೇಸು ಇನ್ನೂ ಮುಗಿದಿಲ್ಲ, ಜೊತೆಗೆ ಸ್ವಲ್ಪ ಬೈಗುಳವೂ ಇದೆ. ಸಿಡ್ನಿಯಲ್ಲಿ ವರ್ಕರ್ಸ್ ಕಾಂಪ್, ಅಂದರೆ ಕೆಲಸದಲ್ಲಿ ಆದ ಗಾಯದ ಪರಿಹಾರದ, ಕೇಸು ನೋಡುವ ಸಣ್ಣ ಆಫೀಸು ಅಂದುಕೊಳ್ಳಿ. ನನ್ನ ಬೆನ್ನಿನ ಗಾಯದ ಕೇಸು ಅಪೀಲ್ ಪ್ಯಾನೆಲ್‌ನಲ್ಲೂ ಸೋತ ಮೇಲೆ, ಸುಪ್ರೀಂ ಕೋರ್ಟಿಗೆ ಹೋಗಬಹುದಾ ಅಂತ ಕೇಳೋಕೆ ಅಲ್ಲಿಗೆ ಹೋದೆ. (ಇಲ್ಲಿ ಸುಪ್ರೀಂ ಕೋರ್ಟ್ ಅಂದರೆ ರಾಜ್ಯದ್ದು, ಹೈಕೋರ್ಟ್ ಅಂದರೆ ದೇಶದ್ದು. ಇಂಡಿಯಾದ ಲೆಕ್ಕಕ್ಕೆ ಪೂರ್ತಿ ಉಲ್ಟಾ.)

ವೇರ್‌ಹೌಸಲ್ಲಿ ಭಾರ ಎತ್ತುವಾಗ ಬೆನ್ನಿನ ಡಿಸ್ಕ್ ಹೋಯಿತು, ನೋವು ಕಾಲಿನವರೆಗೆ ಇಳಿಯಿತು. ಇಂಥ ಗಾಯದ ತಕರಾರು ತೀರ್ಮಾನಿಸುವ ಪರ್ಸನಲ್ ಇಂಜುರಿ ಕಮಿಷನ್ ಗೊತ್ತು ಮಾಡಿದ ಮೆಡಿಕಲ್ ಅಸೆಸರ್ ನೋಡಿ, ಶಾಶ್ವತ ಊನ ಶೇ. 11 ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ರಿವ್ಯೂ ಇರುತ್ತಿರಲಿಲ್ಲ. ಸ್ಕ್ಯಾನ್‌ನಲ್ಲಿ ಹಳೇ ಸವೆತ ಕಾಣುತ್ತೆ ಅಂತ ಹತ್ತರಲ್ಲಿ ಒಂದು ಭಾಗ ಕಳೆದರು. 11ರಲ್ಲಿ ಅಷ್ಟು ಹೋದರೆ 9.9, ರೌಂಡ್ ಮಾಡಿದರೆ 10. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನಿನಲ್ಲಿ ದೈಹಿಕ ಗಾಯಕ್ಕೆ ಇಡಿಗಂಟು ಸಿಗಬೇಕಾದರೆ 10ಕ್ಕಿಂತ ಜಾಸ್ತಿ ಇರಬೇಕು. ಸರಿಯಾಗಿ 10 ಇದ್ದರೆ ಸಿಗೋದು ಸೊನ್ನೆ.

28 ದಿನದೊಳಗೆ ಅಪೀಲ್ ಹಾಕಿದ್ದೆ. ಪ್ಯಾನೆಲ್‌ನಲ್ಲಿ ಇಬ್ಬರು ಡಾಕ್ಟರು, ಒಬ್ಬರು ಕಮಿಷನ್ ಮೆಂಬರ್. ನನ್ನನ್ನು ಕರೆಯಲೇ ಇಲ್ಲ, ಕಾಗದ ನೋಡಿ, ಅಸೆಸರ್ ಕೊಟ್ಟ ಸರ್ಟಿಫಿಕೇಟ್ ಸರಿ ಇದೆ ಅಂದುಬಿಟ್ಟರು.

ಈಗ ಆಫೀಸಿನ ವಿಷಯ. ಮೊದಲ ಭೇಟಿಗೆ ನಾನು ದೂರುಗಳ ಉದ್ದ ಪಟ್ಟಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಆತುರದಲ್ಲಿದ್ದರು, ಸರಿಯಾಗಿ ಬಗ್ಗಿಸಿ ನೋಡಲಿಲ್ಲ, ನಾನು ಹೇಳಿದ್ದನ್ನು ಅರ್ಧ ಬರೆದುಕೊಂಡರು, ನನ್ನ ಸ್ಪೆಷಲಿಸ್ಟ್ ಕೊಟ್ಟ ನಂಬರೇ ಬೇರೆ, ಹೀಗೆ ಒಂದೂವರೆ ಪುಟ. ಲಾಯರಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಪಟ್ಟಿ ಮಡಚಿ ವಾಪಸ್ ಕೊಟ್ಟರು. ಜಡ್ಜ್ ನಿಮ್ಮ ಬೆನ್ನು ನೋಡಲ್ಲ, ಪ್ಯಾನೆಲ್ ಬರೆದ ಪುಟ ನೋಡ್ತಾರೆ ಅಂದರು. ನನಗೆ ಕೋಪ ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ಅವರು ಹೇಳಿದ್ದೇ ಸರಿ. ಇಬ್ಬರು ಡಾಕ್ಟರಲ್ಲಿ ಯಾರ ನಂಬರು ಸರಿ ಅಂತ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಲ್ಲ. ಪ್ಯಾನೆಲ್ ಕಾನೂನು ಹೇಳಿದ ಪ್ರಶ್ನೆಯನ್ನೇ ಕೇಳಿಕೊಂಡಿತಾ, ಯಾಕೆ ಈ ತೀರ್ಮಾನಕ್ಕೆ ಬಂತು ಅಂತ ಬರೆದಿದೆಯಾ, ಎರಡೂ ಕಡೆ ಮಾತು ಕೇಳಿತಾ, ಅಷ್ಟೇ ನೋಡೋದು. ಅವರು ನನ್ನ ಮುಂದೆಯೇ ಪ್ಯಾನೆಲ್ ಆರ್ಡರ್ ಬಿಚ್ಚಿ ಒಂದೇ ಒಂದು ಪ್ಯಾರಾಗೆ ಗೆರೆ ಹಾಕಿದರು. ಹಳೇ ಸವೆತ ಇದೆ, ಆದ್ದರಿಂದ ಹತ್ತನೇ ಒಂದು ಭಾಗ ಕಳೆದಿದ್ದು ಸರಿ, ಇಷ್ಟೇ ಅದರಲ್ಲಿ ಇದ್ದದ್ದು. ಇಲ್ಲಿನ 1998ರ ವರ್ಕರ್ಸ್ ಕಾಂಪ್ ಕಾಯ್ದೆಯ 323ನೇ ಸೆಕ್ಷನ್ ಪ್ರಕಾರ, ಸವೆತ ಇದ್ದರೆ ಸಾಲದು, ಈಗಿನ ಊನಕ್ಕೆ ಆ ಸವೆತವೂ ಕಾರಣ ಆಗಿರಬೇಕು. ಹೇಗೆ ಕಾರಣ ಅಂತ ಪ್ಯಾನೆಲ್ ಒಂದು ಸಾಲೂ ಬರೆದಿರಲಿಲ್ಲ. ಗಾಯಕ್ಕೆ ಮುಂಚೆ ನನಗೆ ಬೆನ್ನು ನೋವೇ ಇರಲಿಲ್ಲ ಅನ್ನೋ ಮಾತನ್ನು ಮುಟ್ಟಿಯೂ ಇರಲಿಲ್ಲ. ನಾನು ಆ ಪ್ಯಾರಾವನ್ನು ಹತ್ತು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೊಂದು ಇಷ್ಟ ಆದದ್ದು, ನಮಗೆ ಅನುಕೂಲದ ತೀರ್ಪನ್ನೂ ತೋರಿಸಿದರು, ಕಷ್ಟದ್ದನ್ನೂ ತೋರಿಸಿದರು. ಅಪೀಲ್ ಪ್ಯಾನೆಲ್ ಕಾರಣ ಕೊಡಲೇಬೇಕು ಅಂತ 2006ರಲ್ಲಿ ಕ್ಯಾಂಪ್‌ಬೆಲ್‌ಟೌನ್ ಸಿಟಿ ಕೌನ್ಸಿಲ್ ಕೇಸಿನಲ್ಲಿ ಹೇಳಿದ್ದಾರೆ. ಆದರೆ 2013ರ ವಿಂಗ್‌ಫುಟ್ ಕೇಸಿನಲ್ಲಿ, ಅದು ಪಕ್ಕದ ವಿಕ್ಟೋರಿಯಾ ರಾಜ್ಯದ್ದು, ಕಾರಣ ಎಷ್ಟು ಬರೆಯಬೇಕು ಅನ್ನೋ ಮಟ್ಟವನ್ನು ಹೈಕೋರ್ಟ್ ಜಾಸ್ತಿ ಎತ್ತರಕ್ಕೆ ಇಡಲಿಲ್ಲ: ಮೆಡಿಕಲ್ ಪ್ಯಾನೆಲ್ ತಾನು ಯೋಚಿಸಿದ ದಾರಿ ತೋರಿಸಿದರೆ ಸಾಕು, ಪ್ರತಿ ವಾದಕ್ಕೂ ಉತ್ತರ ಕೊಡಬೇಕಿಲ್ಲ. ಗೆಲ್ತೀವಿ ಅಂತ ಒಂದು ಸಲವೂ ಹೇಳಲಿಲ್ಲ. ಸೋತರೆ ಎದುರು ಕಡೆಯ ಖರ್ಚೂ ನಿಮ್ಮ ತಲೆಗೆ ಬರಬಹುದು ಅನ್ನೋದನ್ನು ಮಾತ್ರ ಮೂರು ಸಲ ಹೇಳಿದರು, ಬರವಣಿಗೆಯಲ್ಲೂ ಕೊಟ್ಟರು.

ಕೋರ್ಟಿನ ದಿನ ದೊಡ್ಡ ನಾಟಕ ಏನೂ ಇರಲಿಲ್ಲ. ನಾನು ಬಾಯಿ ಬಿಡಬೇಕಾಗಲಿಲ್ಲ. ಪ್ಯಾನೆಲ್‌ನವರು ವಾದಕ್ಕೆ ಬರಲಿಲ್ಲ, ಅವರು ಕೋರ್ಟ್ ಹೇಳಿದ್ದಕ್ಕೆ ಒಪ್ಪುತ್ತೇವೆ ಅಂತ ಬರೆದುಕೊಟ್ಟು ದೂರ ಇರೋದೇ ರೂಢಿಯಂತೆ. ಎದುರಿಗೆ ನಿಂತದ್ದು ಕಂಪನಿ ಪರವಾಗಿ ಇನ್ಶೂರೆನ್ಸ್ ಲಾಯರು. ನಮ್ಮ ಬ್ಯಾರಿಸ್ಟರ್ ಆ ಗೆರೆ ಹಾಕಿದ ಪ್ಯಾರಾ ಬಿಟ್ಟು ಆಚೆ ಈಚೆ ಹೋಗಲಿಲ್ಲ. ಆರ್ಡರ್ ರದ್ದಾಯಿತು, ಕೇಸು ಬೇರೆ ಪ್ಯಾನೆಲ್‌ಗೆ ವಾಪಸ್ ಹೋಯಿತು. ಮನೆಯಲ್ಲಿ ಎಲ್ಲರೂ ದುಡ್ಡು ಬಂತಾ ಅಂತ ಕೇಳಿದರು. ಇಲ್ಲ, ಬಂದಿಲ್ಲ. ಹೊಸ ಪ್ಯಾನೆಲ್ ಸರಿಯಾಗಿ ಕಾರಣ ಬರೆದು ಮತ್ತೆ 10 ಅಂತಲೇ ಹೇಳಬಹುದು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಫೋನಿಗೆ. ಸುಪ್ರೀಂ ಕೋರ್ಟಿಗೆ ಹೋಗೋಕೆ ಮೂರು ತಿಂಗಳ ಗಡುವು ಇದೆ, ಇವರು ಕೊನೇ ವಾರದಲ್ಲಿ ಫೈಲ್ ಮಾಡಿದರು, ಅದಕ್ಕೆ ಮುಂಚೆ ಎರಡು ವಾರ ನನ್ನ ಒಂದು ಕರೆಗೂ ಉತ್ತರ ಇಲ್ಲ. ಕೆಲಸ ಮಾಡ್ತಿದ್ದರು ಅಂತ ಆಮೇಲೆ ಗೊತ್ತಾಯಿತು, ಆದರೆ ನಿದ್ದೆ ಹೋದದ್ದು ನನ್ನದು ಅಲ್ವಾ? ಕಳೆದ ಸೋಮವಾರ ಹೊಸ ಪ್ಯಾನೆಲ್ ತಾರೀಖು ಬಂತಾ ಅಂತ ಕೇಳೋಕೆ ಫೋನ್ ಮಾಡಿದೆ. ರಿಸೆಪ್ಷನ್‌ನವರು ವಾಪಸ್ ಮಾಡ್ತೀವಿ ಅಂದರು. ಇವತ್ತು ಶುಕ್ರವಾರ.