ಮಾಳಿಗೆಯ ಬಿಸಿಲು, ಸುರುಳಿ ಬಲ್ಬು, ಉದ್ದ ಟ್ಯೂಬು: ಧಾರವಾಡದಲ್ಲಿ ಬಿಯರ್ಡೆಡ್ ಡ್ರ್ಯಾಗನ್‌ಗೆ ಯಾವುದು ಸರಿ?

ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶದ ಬಿಯರ್ಡೆಡ್ ಡ್ರ್ಯಾಗನ್ ಓತಿ ಮನೆಯಲ್ಲಿ ಚೆನ್ನಾಗಿ ಸಾಕಿದರೆ 8ರಿಂದ 12 ವರ್ಷ ಬದುಕುತ್ತದೆ. ಕೆಲವು 15ನ್ನು ಮುಟ್ಟುವುದೂ ಉಂಟು. ಬೆಳಕು ಸಾಲದೆ ಹೋದರೆ ಮರಿಯಾಗಿರುವಾಗಲೇ ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ ಸಾಯುತ್ತದೆ. ಅದರ ಚರ್ಮದ ಮೇಲೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಎಂಬ ನೇರಳಾತೀತ ಕಿರಣ ಬಿದ್ದರೆ ಡಿ3 ಜೀವಸತ್ವ ಹುಟ್ಟುತ್ತದೆ; ಅದಿಲ್ಲದೆ ತಿಂದ ಸುಣ್ಣದಂಶ ಮೂಳೆಗೆ ಸೇರುವುದಿಲ್ಲ. ನಮ್ಮ ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಮೋಡದ ಹಿಂದೆಯೇ ಇರುತ್ತಾನೆ. ಹಾಗಾಗಿ ನಾನು ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿಕೊಂಡು ಹೋಲಿಸಿ ನೋಡಿದ್ದು ಬೆಳಕನ್ನೇ.

ಮೊದಲು ಮಾಳಿಗೆಯ ಬಿಸಿಲು. ಇದಕ್ಕೆ ಸಮನಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಖರ್ಚೂ ಇಲ್ಲ. ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗೂ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಜಾಲರಿಯ ಪೆಟ್ಟಿಗೆಯಲ್ಲಿ ಇಟ್ಟರೆ, ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿಕೊಂಡು ಬಿಸಿಲನ್ನು ಹೀರುತ್ತದೆ. ಕೆಳಗೆ ತಂದ ಮೇಲೆ ಅದರ ಹಸಿವು ನೋಡಬೇಕು! ಆದರೆ ಕಿಟಕಿಯ ಗಾಜಿನ ಹಿಂದೆ ಕೂರಿಸಿದರೆ ಕಾವು ಮಾತ್ರ ಸಿಗುತ್ತದೆ, ಯುವಿಬಿಯನ್ನು ಗಾಜು ತಡೆದುಬಿಡುತ್ತದೆ. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗೆ ಒಯ್ಯುವುದಂತೂ ಅಪಾಯ, ಒಳಗಿನ ಪ್ರಾಣಿ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗುತ್ತದೆ. ಪೆಟ್ಟಿಗೆಯ ಅರ್ಧಕ್ಕೆ ನೆರಳಿರಬೇಕು, ಹದ್ದು ಮತ್ತು ಕಾಗೆಗಳ ಕಾರಣಕ್ಕೆ ನಾವೂ ಅಲ್ಲೇ ಇರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಒಂಬತ್ತೂವರೆಗೇ ಕೆಳಗೆ ತರುತ್ತೇನೆ. ಮಳೆಗಾಲ ಬಂತೆಂದರೆ ಈ ದಾರಿ ಮುಚ್ಚಿದಂತೆಯೇ.

ಯುವಿಬಿ ಕೊಡುವ ಸುರುಳಿ ಬಲ್ಬು ಅಗ್ಗ, ಸಾಮಾನ್ಯ ಹೋಲ್ಡರಿಗೇ ಕೂರುತ್ತದೆ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಚೀಲದಲ್ಲಿಟ್ಟುಕೊಂಡು ತರಬಹುದು. ಒಂದು ಮಳೆಗಾಲ ಪೂರ್ತಿ ಇದನ್ನೇ ಉರಿಸಿ ನೋಡಿದೆ. ಇದರ ಕಿರಣ ಬೀಳುವುದು ಅಂಗೈಯಗಲದ ಜಾಗದಲ್ಲಿ. ವಯಸ್ಕ ಓತಿ ಬಾಲವೂ ಸೇರಿ 45ರಿಂದ 60 ಸೆಂಟಿಮೀಟರ್ ಉದ್ದ. ತಲೆಗೆ ಬೆಳಕು ಬಿದ್ದರೆ ಬೆನ್ನಿಗಿಲ್ಲ, ಬೆನ್ನಿಗೆ ಬಿದ್ದರೆ ತಲೆಗಿಲ್ಲ. ನಮ್ಮದು ಬಲ್ಬಿನ ಕಡೆಯ ಕಣ್ಣನ್ನು ಅರ್ಧ ಮುಚ್ಚಿಕೊಂಡು ಕೂರುತ್ತಿತ್ತು, ಆಮೇಲೆ ಮೂಲೆಗೆ ಸರಿಯುತ್ತಿತ್ತು. ಆ ಮಳೆಗಾಲದಲ್ಲಿ ಅದರ ಊಟವೂ ಕಡಿಮೆಯಾಯಿತು.

ಮುಂದಿನ ಜೂನ್‌ಗೆ ಯುವಿಬಿ ಕೊಡುವ ಟಿ5 ಎಂಬ ತೆಳ್ಳನೆಯ ಉದ್ದ ಟ್ಯೂಬು ಹಾಕಿದೆ. ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದದ್ದು, ಒಳಗೆ ಪ್ರತಿಫಲಕ ಇರುವಂಥದ್ದು. ಬೆಲೆ ಸುರುಳಿ ಬಲ್ಬಿಗಿಂತ ಬಹಳ ಹೆಚ್ಚು, ತರಿಸುವಾಗ ಒಡೆಯುವ ಭಯ ಬೇರೆ. ಆದರೂ ಇದರಷ್ಟು ನೆಮ್ಮದಿ ಇನ್ಯಾವುದೂ ಕೊಡಲಿಲ್ಲ. ಓತಿ ಇಡೀ ಮೈಯನ್ನು ಅದರಡಿ ಚಾಚಿ ಮಲಗತೊಡಗಿತು, ಜುಲೈನ ಜಿಟಿಜಿಟಿ ಮಳೆಯಲ್ಲೂ ಬಣ್ಣ ಕಂದಲಿಲ್ಲ. ಟ್ಯೂಬಿಗೂ ಓತಿಗೂ ನಡುವೆ ಸಣ್ಣ ಕಣ್ಣಿನ ಜಾಲರಿ ಇದ್ದರೆ ಕಿರಣದ ದೊಡ್ಡ ಪಾಲು ಅಲ್ಲೇ ನಷ್ಟವಾಗುತ್ತದೆ ಎಂಬುದನ್ನು ಮರೆಯಬಾರದು. ಟ್ಯೂಬು ಕಣ್ಣಿಗೆ ಬೆಳ್ಳಗೆ ಉರಿಯುತ್ತಿದ್ದರೂ ಸುಮಾರು ಒಂದು ವರ್ಷಕ್ಕೆ ಅದರ ಯುವಿಬಿ ಕುಗ್ಗಿರುತ್ತದೆ. ಅದಕ್ಕೇ ಹಾಕಿದ ತಿಂಗಳನ್ನು ಟ್ಯೂಬಿನ ತುದಿಯಲ್ಲೇ ಬರೆದಿಡುತ್ತೇನೆ. ಕಾವಿಗೆ ಬೇರೆ ಬಲ್ಬು ಬೇಕು: ಮೈ ಕಾಯಿಸುವ ಕಲ್ಲಿನ ಮೇಲೆ 38ರಿಂದ 42 ಡಿಗ್ರಿ, ತಂಪಿನ ತುದಿಯಲ್ಲಿ 25ರ ಆಸುಪಾಸು.

ನನ್ನ ತೀರ್ಮಾನ ಇಷ್ಟು: ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಟ್ಯೂಬು ಕೊಳ್ಳಿ, ಬಿಸಿಲಿರುವ ತಿಂಗಳಲ್ಲಿ ಮಾಳಿಗೆಯನ್ನೂ ಬಿಡಬೇಡಿ. ಸುರುಳಿ ಬಲ್ಬನ್ನು ನಾನು ಯಾರಿಗೂ ಹೇಳುವುದಿಲ್ಲ.

ನೆಲದ ವಿಷಯ ಬೇಗ ಮುಗಿಯುತ್ತದೆ. ಮರುಭೂಮಿಯ ಪ್ರಾಣಿ ಎಂದು ಮರಳು ಹಾಸುವವರು ಬಹಳ. ಮರಿ ಹುಳುವಿನ ಜೊತೆ ಮರಳನ್ನೂ ನುಂಗಿದರೆ ಕರುಳು ಕಟ್ಟಬಹುದು. ನಮ್ಮ ಕಡೆಯ ಶಹಾಬಾದ್ ಫರ್ಶಿಯ ತುಂಡು ಮರಳಿಗಿಂತ ಎಷ್ಟೋ ಮೇಲು. ಕಾವು ಹಿಡಿದಿಡುತ್ತದೆ, ಉಗುರು ಸವೆಸುತ್ತದೆ, ಒರೆಸಿದರೆ ಸ್ವಚ್ಛ. ಮರಿಗೆ ಹಳೆಯ ಪತ್ರಿಕೆಯೇ ಸಾಕು.

ನಮ್ಮ ದೇಶದ್ದೇ ಮರುಭೂಮಿ ಓತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ರಾಜಸ್ಥಾನ, ಕಛ್‌ಗಳ ಮುಳ್ಳುಬಾಲದ ಓತಿಯೂ ನಮ್ಮ ಹೊಲಗಳ ಉಡವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿದು ಸಾಕುವುದು ಅಪರಾಧ. ಬಿಯರ್ಡೆಡ್ ಡ್ರ್ಯಾಗನ್ ಆದರೂ ಸಾಕಣೆಯಲ್ಲೇ ಹುಟ್ಟಿದ, ದಾಖಲೆಯಿರುವ ಮರಿಯೇ ಆಗಿರಬೇಕು.

ಇನ್ನು ಆಹಾರ. ಸಾಕುಪ್ರಾಣಿ ಅಂಗಡಿಯ ಸೂಪರ್‌ವರ್ಮ್ ಎಂಬ ಜೀರುಂಡೆ ಮರಿಹುಳು ಸುಲಭವಾಗಿ ಸಿಗುತ್ತದೆ, ಓತಿಗೂ ಪ್ರಾಣ. ಆದರೆ ಅದರಲ್ಲಿ ಕೊಬ್ಬು ನೂರಕ್ಕೆ 18ರ ಹತ್ತಿರ. ದಿನವೂ ಕೊಟ್ಟರೆ ಓತಿ ಕೊಬ್ಬಿ ಯಕೃತ್ತು ಕೆಡುತ್ತದೆ. ರೇಷ್ಮೆ ಹುಳುವಿನಲ್ಲಿ ಕೊಬ್ಬು ನೂರಕ್ಕೆ ಒಂದೆರಡು ಮಾತ್ರ, ನೀರಿನಂಶ ಹೆಚ್ಚು, ಮೈ ಮೆತ್ತಗೆ. ಹಾವೇರಿ ಕಡೆಯ ಪರಿಚಯದ ರೈತರೊಬ್ಬರಿಂದ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ತಂದು ಮನೆಯಲ್ಲೇ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸುತ್ತೇನೆ. ಹುಳುಮನೆಯಲ್ಲಿ ಹಾಸಿಗೆಗೆ ಸುಣ್ಣ, ಸೋಂಕುನಾಶಕ ಪುಡಿ ಎರಚುವುದರಿಂದ ತಂದ ದಿನವೇ ಓತಿಗೆ ಹಾಕುವುದಿಲ್ಲ. ಒಂದು ಜ್ವರ (ಹುಳು ಪೊರೆ ಬಿಡುವ ಹಂತ) ಕಳೆದು ಹೊಸ ಚರ್ಮ ಬಂದ ಮೇಲೆ ಕೊಡುತ್ತೇನೆ. ಯಾವ ಹುಳುವಾದರೂ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿಯೇ ಕೊಡಬೇಕು. ಬೆಳೆದ ಓತಿಗೆ ಹುಳುಗಿಂತ ಸೊಪ್ಪೇ ಮುಖ್ಯ. ಪಾಲಕ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಹಾಗಾಗಿ ನುಗ್ಗೆ ಸೊಪ್ಪು, ದಾಸವಾಳದ ಹೂವು ಎಲೆ, ಸಿಹಿಗುಂಬಳ ಕೊಡುತ್ತೇನೆ. ಮಳೆಗಾಲದ ಸಂಜೆ ಮನೆಯೊಳಗೆ ಮಿಂಚುಹುಳು ಹಾರಿ ಬಂದರೆ ಓತಿಯ ಪೆಟ್ಟಿಗೆಯ ಬಾಗಿಲನ್ನು ತಕ್ಷಣ ಮುಚ್ಚಿ. ಒಂದೇ ಒಂದು ಮಿಂಚುಹುಳು ತಿಂದರೂ ಅದು ಸಾಯಬಹುದು.