ಮೊದಲ ಲಿವ್‌ಅಬೋರ್ಡ್: ಸಿಮಿಲನ್‌ನಲ್ಲಿ ನಾಲ್ಕು ದಿನ, ಮತ್ತು ನನ್ನ ಬ್ಯಾಗು

ಹೋದ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಸಿಮಿಲನ್ ದ್ವೀಪಗಳಿಗೆ ಲಿವ್‌ಅಬೋರ್ಡ್ ಟ್ರಿಪ್ ಹೋಗಿ ಬಂದೆ. ನಾಲ್ಕು ದಿನ, ನಾಲ್ಕು ರಾತ್ರಿ, 14 ಡೈವ್. ಊಟ, ನಿದ್ದೆ, ಡೈವಿಂಗ್ ಎಲ್ಲ ಒಂದೇ ಬೋಟಲ್ಲಿ. ಹೋಗುವ ಮುಂಚೆ ಏನೇನು ತೆಗೆದುಕೊಂಡು ಹೋಗಬೇಕು ಅಂತ ಕನ್ನಡದಲ್ಲಿ ಹುಡುಕಿದೆ, ನನಗೆ ಏನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಟ್ರಿಪ್ಪಿನ ವಿಮರ್ಶೆಯೂ ಇದೇ, ಬ್ಯಾಗಿನ ವಿಮರ್ಶೆಯೂ ಇದೇ.

ನಾನು ಡೈವಿಂಗ್ ಕಲಿತಿದ್ದು ನೇತ್ರಾಣಿಯಲ್ಲಿ. ಬೆಳಿಗ್ಗೆ ಮುರುಡೇಶ್ವರದಲ್ಲಿ ಬೋಟು ಹತ್ತಿ, ಎರಡು ಡೈವ್ ಮಾಡಿ, ಮಧ್ಯಾಹ್ನ ದಡಕ್ಕೆ ಬಂದು ಬಿಸಿ ಅನ್ನ ಉಣ್ಣುತ್ತಿದ್ದೆ. ಏನಾದರೂ ಮರೆತಿದ್ದರೆ ರೂಮಿಗೆ ಹೋಗಿ ತರಬಹುದು, ಇಲ್ಲ ಅಂದರೆ ಪೇಟೆಯಲ್ಲಿ ಕೊಳ್ಳಬಹುದು. ಲಿವ್‌ಅಬೋರ್ಡಿನಲ್ಲಿ ಆ ಅನುಕೂಲ ಇಲ್ಲ. ಕಾವೋ ಲಾಕ್ ಹತ್ತಿರದ ಟಾಪ್ ಲಾಮು ಬಂದರಿನಿಂದ ರಾತ್ರಿ ಬೋಟು ಹೊರಟರೆ ಮುಗಿಯಿತು. ಒಂದು ರಬ್ಬರ್ ಪಟ್ಟಿ ಬೇಕು ಅಂದರೂ ಸಿಗುವುದಿಲ್ಲ. ಇದನ್ನು ತಲೆಯಲ್ಲಿ ಇಟ್ಟುಕೊಂಡು ಬ್ಯಾಗು ತುಂಬಬೇಕು. ನಾನು ತುಂಬಿದ್ದು ಬೇರೆ ರೀತಿ: ಎಂಟು ಟೀ ಶರ್ಟು, ಜೀನ್ಸು, ಎರಡು ಜೊತೆ ಚಪ್ಪಲಿ, ಒಂದು ದಪ್ಪ ಪುಸ್ತಕ. ಯಾವುದೂ ಹೊರಗೆ ಬರಲಿಲ್ಲ. ಚಪ್ಪಲಿಯನ್ನಂತೂ ಬೋಟು ಹತ್ತುವಾಗಲೇ ಒಂದು ಬುಟ್ಟಿಗೆ ಹಾಕಿಸಿಕೊಂಡರು. ನಾಲ್ಕು ದಿನವೂ ಎಲ್ಲರೂ ಬರಿಗಾಲು.

ಮೊದಲು ಬ್ಯಾಗಿನ ಮಾತು. ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ. ಕ್ಯಾಬಿನ್ನಿನಲ್ಲಿ ಎರಡು ಹಾಸಿಗೆ, ಮಧ್ಯೆ ಒಬ್ಬರು ನಿಲ್ಲುವಷ್ಟು ಜಾಗ. ನನ್ನ ಬಡ್ಡಿ (ನೀರಿನ ಕೆಳಗೆ ಜೋಡಿಯಾಗಿ ಇರುವ ಡೈವಿಂಗ್ ಜೊತೆಗಾರ), ಮಡಚಿ ಮಂಚದ ಕೆಳಗೆ ತಳ್ಳುವಂಥ ಬಟ್ಟೆಯ ಬ್ಯಾಗು ತಂದಿದ್ದ. ನನ್ನ ಸೂಟ್‌ಕೇಸನ್ನು ಕೊನೆಗೆ ಸಿಬ್ಬಂದಿಯವರು ಎಂಜಿನ್ ಕೋಣೆಯ ಪಕ್ಕದಲ್ಲಿ ಇಟ್ಟರು. ಒಂದು ಟವೆಲ್ ಬೇಕೆಂದರೂ ಕೆಳಗೆ ಇಳಿದು ಹೋಗಬೇಕಿತ್ತು.

ವಿಮಾನದಲ್ಲಿ ಕೈಬ್ಯಾಗಿಗೆ ಏನು ಹಾಕುತ್ತೀರಿ ಅನ್ನುವುದು ತುಂಬಾ ಮುಖ್ಯ. ಮಾಸ್ಕ್, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್, ಒಂದು ಜೊತೆ ಈಜುಬಟ್ಟೆ, ಸರ್ಟಿಫಿಕೇಟು, ಇನ್ಶೂರೆನ್ಸ್ ಕಾಗದ ಜೊತೆಯಲ್ಲೇ ಇರಲಿ. ಚೆಕ್‌ಇನ್ ಬ್ಯಾಗು ಒಂದು ದಿನ ತಡವಾಗಿ ಬಂದರೂ ಬೋಟು ನಿಮಗಾಗಿ ಕಾಯುವುದಿಲ್ಲ. ಪವರ್ ಬ್ಯಾಂಕು ಮತ್ತು ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಬ್ಯಾಗಲ್ಲೇ ಒಯ್ಯಬೇಕು ಅನ್ನುವುದು ವಿಮಾನದ ನಿಯಮವೇ. ಪವರ್ ಬ್ಯಾಂಕು 100 ವ್ಯಾಟ್ ಅವರ್ ಒಳಗಿರಬೇಕು. 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ.

ಮಾಸ್ಕ್ ಮಾತ್ರ ದಯವಿಟ್ಟು ನಿಮ್ಮದೇ ಕೊಳ್ಳಿ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ, ನಿಮ್ಮ ಮುಖಕ್ಕೆ ಕೂರುವ ಮಾಸ್ಕ್ ಸಿಗುತ್ತದೆ ಅಂತ ಹೇಳುವ ಹಾಗಿಲ್ಲ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಲ್ಲಿ ಸ್ವಲ್ಪ ಉಸಿರು ಎಳೆದರೆ ಅಂಟಿಕೊಂಡು ನಿಲ್ಲಬೇಕು. ಆದರೆ ಹೊಸ ಮಾಸ್ಕಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ನಾನು ಅದನ್ನು ತೆಗೆಯದೆ ಹೋಗಿದ್ದೆ. ಮೊದಲ ಡೈವಿನ ಐದನೇ ನಿಮಿಷಕ್ಕೆ ಗಾಜಿನ ಒಳಗೆಲ್ಲ ಮಂಜು. ಪಕ್ಕದಲ್ಲಿ ಆಮೆ ಹೋಯಿತಂತೆ, ನನಗೆ ಕಂಡಿದ್ದು ಒಂದು ಕಂದು ನೆರಳು. ಮೇಲೆ ಬಂದ ಮೇಲೆ ಡೈವ್ ಗೈಡ್ ಬಿಳಿ ಟೂತ್‌ಪೇಸ್ಟ್ ತಂದು, ಒಳಗಿನ ಗಾಜಿಗೆ ಬೆರಳಲ್ಲಿ ತಿಕ್ಕಿ, ತೊಳೆದು, ಮತ್ತೆ ತಿಕ್ಕಿ, ಹೀಗೆ ನಾಲ್ಕು ಸಲ ಮಾಡಿದ. ಆಮೇಲೆ ಪ್ರತಿ ಡೈವಿಗೆ ಮುಂಚೆ ಒಂದು ತೊಟ್ಟು ಬೇಬಿ ಶಾಂಪೂ ಸವರಿ ತೊಳೆದರೆ ಸಾಕಾಯಿತು. ಮನೆಯಲ್ಲೇ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಅದು.

ಬಾಡಿಗೆಯ ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್), ರೆಗ್ಯುಲೇಟರ್ (ಟ್ಯಾಂಕಿನ ಗಾಳಿ ಉಸಿರಾಡುವ ಸಾಧನ), ಫಿನ್ಸ್ (ಕಾಲಿಗೆ ಹಾಕುವ ರೆಕ್ಕೆ) ಬೋಟಿನವರಿಂದಲೇ ತಗೊಂಡೆ. ಒಟ್ಟಾರೆ ಚೆನ್ನಾಗಿದ್ದವು. ಎರಡನೇ ದಿನ, ನೀರಿಗೆ ಇಳಿಯುವ ಮುಂಚೆ ಒಬ್ಬರ ಸಾಮಾನು ಇನ್ನೊಬ್ಬರು ನೋಡುವ ಬಡ್ಡಿ ಚೆಕ್ ಮಾಡುವಾಗ ನನ್ನ ಬಿಸಿಡಿಯ ಗುಂಡಿ ಹತ್ತಿರ ಸಣ್ಣಗೆ ಸ್ಸ್ ಅಂತ ಸದ್ದು. ಗುಂಡಿ ಒತ್ತದೆಯೇ ಗಾಳಿ ತುಂಬುತ್ತಿತ್ತು. ನೀರಿನ ಕೆಳಗೆ ಹೀಗಾದರೆ ಬಲೂನಿನ ಹಾಗೆ ಮೇಲೆ ಹೋಗುತ್ತೇವೆ, ಅದು ಅಪಾಯ. ನಾನು ಕೈ ಎತ್ತಿದ ತಕ್ಷಣ ನಮ್ಮ ಗುಂಪಿನ ಡೈವನ್ನೇ ನಿಲ್ಲಿಸಿ, ಬೇರೆ ಬಿಸಿಡಿ ತಂದು, ಟ್ಯಾಂಕ್ ಕಟ್ಟಿ, ಮತ್ತೆ ಪೂರ್ತಿ ಚೆಕ್ ಮಾಡಿಸಿಯೇ ಬಿಟ್ಟರು. ಯಾರ ಮುಖದಲ್ಲೂ ತಡವಾಯಿತು ಅನ್ನುವ ಸಿಡುಕು ಇರಲಿಲ್ಲ. ಈ ಬೋಟಿಗೆ ನಾನು ಕೊಡುವ ಅಂಕದಲ್ಲಿ ಅರ್ಧ ಇದೊಂದಕ್ಕೇ.

ಬೋಟು ಹತ್ತಿದ ರಾತ್ರಿಯೇ ಕ್ಯಾಬಿನ್ನಿನಿಂದ ಹೊರಗೆ ಬರುವ ಎರಡು ದಾರಿಗಳನ್ನು ನಮ್ಮನ್ನೇ ನಡೆಸಿ ತೋರಿಸಿದರು. ಕ್ಯಾಬಿನ್ನಿನಲ್ಲಿ ಯಾವ ಬ್ಯಾಟರಿಯನ್ನೂ ಚಾರ್ಜ್ ಮಾಡುವಂತಿಲ್ಲ. ಮೇಲಿನ ಡೆಕ್ಕಿನಲ್ಲಿ ಜನರ ಕಣ್ಣೆದುರೇ ಮಾಡಬೇಕು. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್ ದ್ವೀಪದ ಹತ್ತಿರ ಕನ್ಸೆಪ್ಷನ್ ಅನ್ನುವ ಡೈವ್ ಬೋಟಿಗೆ ರಾತ್ರಿ ಬೆಂಕಿ ಬಿದ್ದು, ಕೆಳಗೆ ಮಲಗಿದ್ದ 34 ಜನ ತೀರಿಕೊಂಡರು. ಅವತ್ತು ರಾತ್ರಿ ಎಚ್ಚರವಾಗಿದ್ದು ಕಾವಲು ಸುತ್ತುವವರು ಯಾರೂ ಇರಲಿಲ್ಲ. ಹಾಗಾಗಿ ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ: ರಾತ್ರಿ ಯಾರು ಎಚ್ಚರ ಇರುತ್ತಾರೆ, ಚಾರ್ಜಿಂಗ್ ಎಲ್ಲಿ? ಉತ್ತರ ಕೊಡಲು ತಡವರಿಸಿದರೆ ಬೇರೆ ಬೋಟು ನೋಡಿ.

ದಿನಚರಿ ಹೀಗಿತ್ತು: ಬೆಳಿಗ್ಗೆ ಆರೂವರೆಗೆ ಗಂಟೆ, ಕಾಫಿ, ಬಿಳಿ ಬೋರ್ಡಿನ ಮೇಲೆ ಬರೆದು ವಿವರಣೆ, ಡೈವ್, ತಿಂಡಿ, ನಿದ್ದೆ, ಮತ್ತೆ ಗಂಟೆ. ದಿನಕ್ಕೆ ನಾಲ್ಕು ಡೈವ್, ಕೊನೆಯದು ಸಂಜೆ ಇಲ್ಲವೇ ರಾತ್ರಿ. ನೀರು 28, 29 ಡಿಗ್ರಿ ಇರುತ್ತದೆ ಅಂತ ಕೇಳಿ ತೆಳು ಬಟ್ಟೆ ಸಾಕು ಅಂದುಕೊಂಡಿದ್ದೆ. ಸಾಲದು. ಗಾಳಿಗಿಂತ ನೀರು 20 ಪಟ್ಟಿಗೂ ಜಾಸ್ತಿ ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಮೂರನೇ ದಿನದ ನಾಲ್ಕನೇ ಡೈವ್ ಹೊತ್ತಿಗೆ ಹಲ್ಲು ಕಟಕಟ ಅನ್ನುತ್ತಿತ್ತು. 3 ಮಿಲಿಮೀಟರಿನ ಪೂರ್ತಿ ಉದ್ದದ ವೆಟ್‌ಸೂಟ್ ತನ್ನಿ. ಮೇಲೆ ಬಂದ ಮೇಲೆ ಹಾಕಿಕೊಳ್ಳಲು ಗಾಳಿ ತಡೆಯುವ ಒಂದು ಜಾಕೆಟ್ಟೂ ಇರಲಿ. ಇಡೀ ಬ್ಯಾಗಿನಲ್ಲಿ ನಾನು ದಿನವೂ ಹಾಕಿದ ಬಟ್ಟೆ ಅಂದರೆ ಆ ಹಳೇ ಜಾಕೆಟ್ ಒಂದೇ. ಈಜುಬಟ್ಟೆ ಎರಡು ಜೊತೆ ಬೇಕು, ಒಂದು ಒಣಗುವಾಗ ಇನ್ನೊಂದು.

ಔಷಧಿ ಡಬ್ಬಿಯನ್ನು ವೈದ್ಯರ ಹತ್ತಿರ ಕೂತು ಮಾಡಿಸಿಕೊಳ್ಳಿ. ಬೋಟಿನವರು ಆರೋಗ್ಯದ ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಆಸ್ತಮಾದಂಥ ಕೆಲವು ಪ್ರಶ್ನೆಗಳಿಗೆ ಹೌದು ಅಂದರೆ ವೈದ್ಯರ ಸಹಿ ಬೇಕು. ಊರಲ್ಲೇ ಸಹಿ ಮಾಡಿಸಿಕೊಳ್ಳದಿದ್ದರೆ ದುಡ್ಡು ಕೊಟ್ಟು ಬೋಟಲ್ಲಿ ಸುಮ್ನೆ ಕೂರಬೇಕಾಗುತ್ತದೆ. ವಾಂತಿ ಮಾತ್ರೆಯನ್ನು ಮನೆಯಲ್ಲಿ ಒಂದು ರಜಾ ದಿನ ನುಂಗಿ ನೋಡಿದೆ. ಪ್ರೊಮೆಥಜಿನ್ ನುಂಗಿದ ದಿನ ಸಂಜೆಯವರೆಗೂ ತೂಕಡಿಕೆ, ಅದನ್ನು ನುಂಗಿ ನೀರಿಗೆ ಇಳಿಯುವ ಮಾತೇ ಇಲ್ಲ. ಸಿನ್ನರಿಜಿನ್ ನನಗೆ ಒಗ್ಗಿತು, ನಿಮಗೆ ಬೇರೆ ಇರಬಹುದು. ಬೋಟು ಹೊರಡುವ ಮುಂಚೆಯೇ ನುಂಗಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲಲ್ಲ. ಕಿವಿಯನ್ನು ಪ್ರತಿ ಡೈವ್ ಆದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿ, ಹತ್ತಿಕಡ್ಡಿ ಹಾಕಬೇಡಿ. ನಮ್ಮ ಗುಂಪಿನ ಒಬ್ಬರಿಗೆ ಮೂರನೇ ದಿನ ಕಿವಿ ಊದಿಕೊಂಡು ಕೊನೆಯ ಐದು ಡೈವ್ ಹೋದವು.

ಊಟದ ವಿಷಯ. ಬಿಸಿ ಬಿಸಿ, ಧಾರಾಳ, ರುಚಿ. ಆದರೆ ನನ್ನ ಬಡ್ಡಿ ಸಸ್ಯಾಹಾರಿ, ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಸಸ್ಯಾಹಾರಿ ಅಂತ ಇಂಗ್ಲಿಷಲ್ಲಿ ಹೇಳುವುದಕ್ಕಿಂತ 'ಜೇ' ಅಂತ ಹೇಳಿ, ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮೀನಿನ ಸಾಸೂ ಇಲ್ಲ, ಮೊಟ್ಟೆಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ ಅಂತ ಅದರ ಅರ್ಥ. ನಾನು ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಎರಡನೇ ರಾತ್ರಿ ಅಡುಗೆಯವರು ಬಂದು ಬೆರಳಲ್ಲಿ ನೆಕ್ಕಿ ನೋಡಿ, ಒಂದು ಬಟ್ಟಲು ತಂದು ಮುಂದೆ ಹಿಡಿದರು. ಅಮ್ಮನಿಗೆ ಹೇಳಿದಾಗ ಎಷ್ಟು ಖುಷಿಪಟ್ಟಳು ಗೊತ್ತಾ.

ಬೇಸರವಾದ ವಿಷಯವೂ ಹೇಳಬೇಕು. ಬುಕಿಂಗ್ ಮಾಡಿಕೊಟ್ಟ ಏಜೆಂಟರು ಎಲ್ಲ ಸೇರಿದೆ ಅಂದಿದ್ದರು. ಹತ್ತಿದ ಮೇಲೆ ರಾಷ್ಟ್ರೀಯ ಉದ್ಯಾನದ ಶುಲ್ಕ, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಟ್ಯಾಂಕಿನ ಗಾಳಿ), ಕಂಪ್ಯೂಟರಿನ ಬಾಡಿಗೆ ಎಲ್ಲ ಬೇರೆ, ಅದೂ ಬಾಟ್‌ನಲ್ಲಿ ನಗದು. ಒಬ್ಬರು ಬೇರೆಯವರಿಂದ ಸಾಲ ಕೇಳಬೇಕಾಯಿತು. ಏನು ಸೇರಿದೆ, ಏನು ಸೇರಿಲ್ಲ ಅಂತ ಬರೆಸಿಕೊಳ್ಳಿ. ಕ್ಯಾಬಿನ್ನಿನ ಎಸಿಯೂ ತುಂಬಾ ಥಂಡಿ, ಕಡಿಮೆ ಮಾಡಲು ಆಗುತ್ತಿರಲಿಲ್ಲ.

ಇನ್ನೊಂದು ಮಾತು ಸರ್ಟಿಫಿಕೇಟಿನ ಬಗ್ಗೆ. ಡೈವಿಂಗಿನ ಮೊದಲ ಕೋರ್ಸು ಓಪನ್ ವಾಟರ್ ಮುಗಿಸಿದವರಿಗೆ ಮಿತಿ 18 ಮೀಟರ್, ಅದರ ಮುಂದಿನದು ಅಡ್ವಾನ್ಸ್‌ಡ್ ಆದವರಿಗೆ 30. ಇಲ್ಲಿನ ಒಳ್ಳೆಯ ಜಾಗಗಳಲ್ಲಿ ಅರ್ಧ 18ರ ಕೆಳಗೇ ಇವೆ. ನಾನು ಡಿಸೆಂಬರಲ್ಲೇ ಅಡ್ವಾನ್ಸ್‌ಡ್ ಮುಗಿಸಿಕೊಂಡಿದ್ದೆ, ಅದು ಈ ಟ್ರಿಪ್ಪಿಗೆ ನಾನು ಮಾಡಿದ ಅತ್ಯಂತ ಒಳ್ಳೆಯ ತಯಾರಿ. ಎಸ್‌ಎಮ್‌ಬಿ, ಅಂದರೆ ನಾವಿರುವ ಜಾಗ ಬೋಟಿನವರಿಗೆ ಕಾಣಲಿ ಅಂತ ಕೆಳಗಿನಿಂದ ಗಾಳಿ ತುಂಬಿ ಮೇಲೆ ಬಿಡುವ ಕಿತ್ತಳೆ ಬಣ್ಣದ ಕೊಳವೆ, ಅದನ್ನೂ ಬಿಡಲು ಅಲ್ಲೇ ಕಲಿತಿದ್ದೆ. ರಿಚೆಲಿಯು ರಾಕ್ ಅನ್ನುವ ಸಮುದ್ರದ ಬಂಡೆಯ ಹತ್ತಿರ ಅದು ಉಪಯೋಗಕ್ಕೆ ಬಂತು. ನೇರಳೆ ಬಣ್ಣದ ಮೆದು ಹವಳ ಬಂಡೆ ತುಂಬಾ ಹಬ್ಬಿಕೊಂಡಿತ್ತು, ಅದರ ಮೇಲೆ ಗಾಜಿನಂಥ ಸಣ್ಣ ಮೀನಿನ ಹಿಂಡು, ನೋಡುತ್ತಾ ನೋಡುತ್ತಾ ಹರಿವು ನಮ್ಮನ್ನು ಬಂಡೆಯಿಂದ ಆಚೆ ತಂದುಬಿಟ್ಟಿತ್ತು. ಮೇಲೆ ಬರುವ ಮುಂಚೆ ಸುರಕ್ಷತೆಗೆ ಅಂತ 5 ಮೀಟರಲ್ಲಿ ಮೂರು ನಿಮಿಷ ನಿಲ್ಲುವಾಗ ಗೈಡ್ ನನ್ನ ಕಡೆ ಬೆರಳು ತೋರಿಸಿದ. ನಾನು ಕೊಳವೆ ಬಿಟ್ಟೆ. ದಾರ ಸರಸರ ಓಡಿತು. ಮೇಲೆ ತಲೆ ಎತ್ತುವಷ್ಟರಲ್ಲಿ ಸಣ್ಣ ದೋಣಿ ನಮ್ಮ ಪಕ್ಕದಲ್ಲಿತ್ತು.

ಒಯ್ಯಬಾರದ್ದು ಎರಡು. ಕೈಗವಸು ಅಲ್ಲಿನ ಸಮುದ್ರ ಉದ್ಯಾನಗಳಲ್ಲಿ ಹಾಕುವಂತಿಲ್ಲ, ಯಾಕೆಂದರೆ ಕೈಗವಸು ಇದ್ದರೆ ಜನ ಹವಳ ಹಿಡಿಯುತ್ತಾರೆ. ಆಕ್ಸಿಬೆಂಜೋನ್‌ನಂಥ ಹವಳಕ್ಕೆ ಕೆಡುಕಾಗುವ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗೆ 2021ರಿಂದ ನಿಷೇಧ ಇದೆ. ತೋಳುದ್ದದ ಈಜುಬಟ್ಟೆ ಇದ್ದರೆ ಸನ್‌ಸ್ಕ್ರೀನ್ ಕಡಿಮೆಯೇ ಸಾಕಲ್ವಾ? ಉದ್ಯಾನ ತೆರೆದಿರುವುದು ಅಕ್ಟೋಬರ್ 15ರಿಂದ ಮೇ 15ರವರೆಗೆ ಮಾತ್ರ, ಅದಕ್ಕೆ ತಕ್ಕ ಹಾಗೆ ರಜೆ ಹಾಕಿ.

ವಾಪಸ್ ವಿಮಾನವನ್ನು ಬೋಟು ಇಳಿದ ದಿನವೇ ಇಡಬೇಡಿ. ಹಲವು ದಿನ ಡೈವ್ ಮಾಡಿದ ಮೇಲೆ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಕಡಿಮೆ ಅಂದರೂ 18 ಗಂಟೆ ಕಾಯಬೇಕು, ನಮ್ಮ ಬೋಟಿನವರು 24 ಅಂದರು. ನಾವು ಕಾವೋ ಲಾಕ್‌ನಲ್ಲಿ ಒಂದು ರಾತ್ರಿ ಉಳಿದೆವು. ಒದ್ದೆ ವೆಟ್‌ಸೂಟ್ ತುಂಬಾ ತೂಕ, ಹಾಗೇ ತುಂಬಿದ್ದರೆ 20 ಕಿಲೋ ದಾಟುತ್ತಿತ್ತು. ಹೋಟೆಲಿನ ಬಾಲ್ಕನಿಯಲ್ಲಿ ಒಳಮೈ ಹೊರಗೆ ಮಾಡಿ ಹರವಿದೆ. ಮಾರನೇ ದಿನ ಮಧ್ಯಾಹ್ನ ಡೈವ್ ಕಂಪ್ಯೂಟರಿನ ಪರದೆಯಿಂದ, ಇನ್ನೂ ವಿಮಾನ ಹತ್ತಬೇಡಿ ಅನ್ನುವ ಗುರುತು ಹೋಗುವ ಹೊತ್ತಿಗೆ ಅದು ಪೂರ್ತಿ ಒಣಗಿತ್ತು.