ಅಪ್ಪನ ಕಣ್ಣಿಗೆ ಹಾಕಿಸಿದ ಗ್ಲಾಕೋಮಾ ಟ್ಯೂಬ್: ಆರು ತಿಂಗಳ ಅನುಭವ

ನಮ್ಮದು ಸಿಂಧನೂರು. ಅಪ್ಪನಿಗೆ ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಮೂರು ಬಗೆಯ ಡ್ರಾಪ್ಸ್ ಹಾಕಿದರೂ, ಮೊದಲೊಂದು ಆಪರೇಷನ್ ಆದರೂ ಅಪ್ಪನ ಕಣ್ಣಿನ ಒತ್ತಡ 34ರಿಂದ ಇಳಿಯಲೇ ಇಲ್ಲ. ಸಾಮಾನ್ಯವಾಗಿ 10ರಿಂದ 21 ಇರಬೇಕು. ಕೊನೆಗೆ ಡಾಕ್ಟರ್ ಮಾತಿನಂತೆ ಮದುರೈನ ಅರೋಲ್ಯಾಬ್ ತಯಾರಿಸುವ ಎಎಡಿಐ ಎಂಬ ಟ್ಯೂಬ್ ಹಾಕಿಸಿದೆವು. 350 ಚದರ ಮಿಲಿಮೀಟರ್‌ನ ಸಿಲಿಕೋನ್ ತಟ್ಟೆ, ಅದಕ್ಕೊಂದು ಸಣ್ಣ ಕೊಳವೆ. ಗದ್ದೆಯಲ್ಲಿ ಜಾಸ್ತಿಯಾದ ನೀರಿಗೆ ಬಸಿಗಾಲುವೆ ತೋಡುತ್ತೇವಲ್ಲ, ಹಾಗೆ ಕಣ್ಣೊಳಗಿನ ನೀರು ಇದರಲ್ಲಿ ಹರಿದು ತಟ್ಟೆಯ ಸುತ್ತ ಇಂಗುತ್ತದೆ.

ಒಂದು ವಿಷಯಕ್ಕೆ ಮಾತ್ರ ತುಂಬಾ ಬೇಜಾರಾಯಿತು, ಯಾರೂ ಮೊದಲೇ ಬಿಡಿಸಿ ಹೇಳಲಿಲ್ಲ. ಇದರಲ್ಲಿ ವಾಲ್ವ್ ಇಲ್ಲ, ಹಾಗಾಗಿ ಒತ್ತಡ ಒಮ್ಮೆಲೇ ಕುಸಿಯಬಾರದೆಂದು ಕೊಳವೆಯನ್ನು ಕರಗುವ ದಾರದಿಂದ ಕಟ್ಟಿರುತ್ತಾರೆ, ಅದು ಬಿಡಲು ಐದಾರು ವಾರ ಬೇಕು. ಅಲ್ಲಿಯವರೆಗೆ ಒತ್ತಡ ಇಳಿಯದಿದ್ದರೆ ಗಾಬರಿಯಾಗಬೇಡಿ, ಡ್ರಾಪ್ಸ್ ನೀವೇ ನಿಲ್ಲಿಸಬೇಡಿ. ನಾವು ಸುಮ್ನೆ ಎರಡು ಸಲ ರಾಯಚೂರಿಗೆ ಓಡಿದೆವು. ವಾಲ್ವ್ ಇರುವ ಇನ್ನೊಂದು ಬಗೆಯ ಟ್ಯೂಬ್ ಅಹ್ಮದ್ ವಾಲ್ವ್ ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ, ಆದರೆ ಬೆಲೆ ಜಾಸ್ತಿ.

ಈಗ ಒತ್ತಡ 14, ಒಂದೇ ಡ್ರಾಪ್ಸ್. ಹೋದ ದೃಷ್ಟಿ ಬರಲಿಲ್ಲ, ಯಾವ ಟ್ಯೂಬ್‌ನಿಂದಲೂ ಬರುವುದಿಲ್ಲ. ಉಳಿದಷ್ಟು ಉಳಿದಿದೆ. ಅಪ್ಪ ಮತ್ತೆ ಒಬ್ಬರೇ ಗದ್ದೆಗೆ ಹೋಗುತ್ತಿದ್ದಾರೆ.